ಕೊನೆಯ ಸುತ್ತಿನ ಚಪ್ಪಾಳೆ

ನಮ್ಮಕ್ಕನ ಗಂಡನ ದವಡೆಯನ್ನು ನಾನು ಮುರಿದದ್ದು ಒಂದು ರವಿವಾರ ಸಂಜೆ, ಇಳಕಲ್ಲಿನ ಹುನಗುಂದ ರಸ್ತೆಯಲ್ಲಿರುವ ಗೆಳೆಯನ ಗ್ಯಾರೇಜಿನಲ್ಲಿ. ಹೊಲದ ಜಗಳವಲ್ಲ, ಮನೆ ಪಾಲಿನ ಜಗಳವಲ್ಲ, ಇಬ್ಬರೂ ಕುಡಿದಿರಲೂ ಇಲ್ಲ. ಯಾವುದೋ ದೇಶದಲ್ಲಿ ಇಬ್ಬರು ಬೈಕ್ ರೇಸಿನವರು ಒಬ್ಬರಿಗೊಬ್ಬರು ಬಡಿದು ಬಿದ್ದರು. ಅದನ್ನು ಟಿವಿಯಲ್ಲಿ ನೋಡುತ್ತಿದ್ದ ನಾನು ಹೆಲ್ಮೆಟ್ ಎತ್ತಿ ಹೊಡೆದೆ. ಈ ಮಾತು ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಸ್ವಲ್ಪ ದೂರ ಸರಿದು ಕೂಡುತ್ತಾರೆ.

ನಾನು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಮಷೀನಿನ ಮುಂದೆ ನಿಂತು ದುಡಿಯುವವನು. ದಿನವಿಡೀ ಕಿವಿ ಕಿತ್ತುಹೋಗುವ ಸದ್ದು. ಅಲ್ಲಿ ಒದರದೆ ಒಂದು ಮಾತೂ ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಹೊರಗೂ ನನ್ನ ಮಾತು ಒದರಾಟವೇ ಆಗಿತ್ತು. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತೇನೆ. ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ತೆಳ್ಳಗಿನ ಮೈ, ದನಿ ಎತ್ತಿ ಮಾತಾಡಿದವರಲ್ಲ. ಆದರೆ ಅವರ ಮೆಲುಮಾತು ಸೂಜಿಯ ಹಾಗೆ ಚುಚ್ಚುತ್ತಿತ್ತು. ಬೈಕ್ ರೇಸಿನ ಹುಚ್ಚು ಹಚ್ಚಿದವರು ಅವರೇ. ಅಕ್ಕನ ಮದುವೆಯಾದ ಹೊಸದರಲ್ಲಿ ತಮ್ಮ ಫೋನಿನಲ್ಲಿ ಒಂದು ರೇಸ್ ತೋರಿಸಿ, ಸವಾರ ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗಿಸಿದರೂ ಯಾಕೆ ಬೀಳುವುದಿಲ್ಲ ಎಂಬುದನ್ನು ಚಾಪೆಯ ಮೇಲೆ ಒಂದು ತಾಟು ಉರುಳಿಸಿ ವಿವರಿಸಿದ್ದರು.

ನಮ್ಮ ಜಗಳಕ್ಕೆ ಕಾರಣವಾದವರು ಒಂದೇ ತಂಡದ ಇಬ್ಬರು ಸವಾರರು. ಒಬ್ಬ ಹಿರಿಯ, ಹಿಂದೆ ಚಾಂಪಿಯನ್ ಆದವನು. ಇನ್ನೊಬ್ಬ ಹೊಸದಾಗಿ ಬಂದ ಕಿರಿಯ. ಮಾಮಾ ಹಿರಿಯನ ಕಡೆ, ನಾನು ಕಿರಿಯನ ಕಡೆ.

"ಅಂವ ಬ್ರೇಕ್ ಹಿಡಿಯೂದು ನೋಡು ತಮ್ಮಾ," ಅನ್ನುತ್ತಿದ್ದರು ಮಾಮಾ. "ಎಲ್ಲಾರೂ ಹಿಡದ ಮ್ಯಾಲೆ ಇಂವ ಹಿಡೀತಾನ. ಆದ್ರೂ ಗಾಡಿ ಅಲುಗಾಡೂದಿಲ್ಲ. ನಿಮ್ಮ ಹುಡುಗ ಟೈರ್ ಸುಟ್ಕೊಂಡು ಕಡೀಕೆ ಜಾರ್ತಾನ."

"ಬೀಳದ ಗೆದ್ದಾವ ಯಾರದಾರ್ರಿ ಮಾಮಾ?"

"ಬೀಳೂದು ಸವಾರಿ ಅಲ್ಲ. ಅದು ಬೀಳೂದು ಅಷ್ಟ."

ಆ ವರ್ಷ ತಂಡದೊಳಗಿನ ರಾಜಕೀಯವೂ ಸೇರಿಕೊಂಡಿತು. ಗಾಡಿಗೆ ಹೊಸ ಚಾಸಿ, ಅಂದರೆ ಚೌಕಟ್ಟು, ಬಂತು. ಮೊದಲು ಹಿರಿಯನಿಗೆ ಕೊಟ್ಟರು, ಕಿರಿಯನಿಗೆ ಎರಡು ರೇಸ್ ಆದ ಮೇಲೆ. ಹಿರಿಯನ ಕರಾರು ಮುಗಿಯುತ್ತಿದೆ, ಅವನನ್ನು ಉಳಿಸಿಕೊಳ್ಳಲು ತಂಡ ಹುಡುಗನನ್ನು ತುಳಿಯುತ್ತಿದೆ ಎಂದು ನಾನು ನಂಬಿದೆ. ತಂಡ ಅಂದಮೇಲೆ ಯಾರೋ ಒಬ್ಬ ಮುಂದೆ ಇರಬೇಕು, ಇನ್ನೊಬ್ಬ ತಡೆದುಕೊಳ್ಳಬೇಕು ಎಂಬುದು ಮಾಮಾನ ವಾದ. ಬಾಗಲಕೋಟೆ, ಬಾದಾಮಿ, ಗುಳೇದಗುಡ್ಡದ ರೇಸ್ ಹುಚ್ಚರೆಲ್ಲ ಸೇರಿದ್ದ ವಾಟ್ಸಾಪ್ ಗುಂಪೊಂದಿತ್ತು. ಅಲ್ಲಿ ಈ ವಾದ ಬೈಗುಳಕ್ಕೆ ಇಳಿಯಿತು. ತಾಯಿ, ಹೆಂಡತಿ, ಯಾರನ್ನೂ ಬಿಡಲಿಲ್ಲ. ಹಿರಿಯ ಸವಾರ ಅಭ್ಯಾಸದಲ್ಲಿ ಬಿದ್ದು ಕೈ ಮುರಿದುಕೊಂಡಾಗ ಒಬ್ಬ ಹೆಣದ ಗಾಡಿಯ ಚಿತ್ರ ಹಾಕಿದ. ನಾನು ಅದಕ್ಕೆ ಮೆಚ್ಚುಗೆಯ ಹೆಬ್ಬೆರಳು ಒತ್ತಿದೆ.

ಒಮ್ಮೆ ಎಲ್ಲರೂ ಕೂಡಿ ನೋಡೋಣ ಎಂದು ಬಾಗಲಕೋಟೆಯ ಒಂದು ಖಾನಾವಳಿಯ ಮೇಲಿನ ಹಾಲ್ ಹಿಡಿದಿದ್ದೆವು. ರೇಸಿನ ನಡುವೆ ಬಾದಾಮಿಯವನೊಬ್ಬ ಸ್ಟೀಲಿನ ತಂಬಿಗೆ ಬೀಸಿ ಒಗೆದ. ಅದು ಗುಳೇದಗುಡ್ಡದವನ ಹುಬ್ಬಿಗೆ ಬಡಿದು ರಕ್ತ ಇಳಿಯಿತು. ಆಮೇಲೆ ಕುರ್ಚಿಗಳು ಎದ್ದವು. ಒಬ್ಬನನ್ನು ಕೆಳಗೆ ಹಾಕಿ ಇಬ್ಬರು ಒದೆಯುತ್ತಿದ್ದರು. ನಾನೂ ಒಂದು ಕುರ್ಚಿ ಎತ್ತಿದ್ದೆ. ಮಾಮಾ ಹಿಂದಿನಿಂದ ಬಂದು ನನ್ನ ಎರಡೂ ಕೈ ಹಿಡಿದು, ಕುರ್ಚಿ ಸಮೇತ ಮೆಟ್ಟಿಲ ತನಕ ಎಳೆದುಕೊಂಡು ಹೋದರು. ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಅಂದರು: "ಆ ಕುರ್ಚಿ ಬಡದಿದ್ರ ಅಂವ ಸಾಯ್ತಿದ್ದ. ಗೊತ್ತೈತಿ?" ನಾನು ನಕ್ಕೆ. ಅವತ್ತಿನ ಗಲಾಟೆಯ ವಿಡಿಯೋವನ್ನು ಮುಂದೆ ಎಷ್ಟೋ ದಿನ ಕಾರ್ಖಾನೆಯಲ್ಲಿ ತೋರಿಸಿಕೊಂಡು ಅಡ್ಡಾಡಿದೆ.

ಅದಾದ ಮೇಲೆ ಮಾಮಾ ಆ ಗುಂಪನ್ನು ಬಿಟ್ಟರು. ನಾವು ಗೆಳೆಯನ ಗ್ಯಾರೇಜಿನಲ್ಲಿ ಐದಾರು ಮಂದಿ ಸೇರಿ ನೋಡತೊಡಗಿದೆವು. ಗೆಳೆಯ ನನ್ನ ಜೊತೆ ಸಾಲಿ ಕಲಿತವನು, ಮೆಕ್ಯಾನಿಕ್. ಆಯಿಲ್ ಡಬ್ಬಿಗಳ ಹಲಗೆಯ ಮೇಲೆ ಟಿವಿ ಇಟ್ಟು, ಶಟರ್ ಅರ್ಧ ಇಳಿಸಿ, ಚುರುಮುರಿ ತರಿಸುತ್ತಿದ್ದ. ಅವನಿಗೆ ಗೆದ್ದವರು ಯಾರಾದರೇನು, ಇಂಜಿನ್ ಸದ್ದು ಕೇಳಿದರೆ ಸಾಕು.

ಆ ರವಿವಾರದ ರೇಸಿನಲ್ಲಿ ಹಿರಿಯ ಮೊದಲು, ಕಿರಿಯ ಅವನ ಬೆನ್ನಿಗೆ. ಕಿರಿಯನ ವೇಗ ಹೆಚ್ಚಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಮೂರು ಸುತ್ತು ಉಳಿದಾಗ ತಂಡದವರು ಅವನ ಗಾಡಿಯ ಪರದೆಗೆ ಸಂದೇಶ ಕಳಿಸಿದರು: ಇದ್ದಲ್ಲೇ ಇರು, ಮುಂದೆ ಹೋಗಬೇಡ. ಟಿವಿಯಲ್ಲಿ ಅದನ್ನು ತೋರಿಸಿದರು.

"ನೋಡ್ರಿ, ಹುಡುಗನ ಕುತಿಗಿ ಹಿಚುಕ್ಲಿಕತ್ತಾರ," ಅಂತ ಒದರಿದೆ.

"ಕುತಿಗಿ ಅಲ್ಲ, ಬುದ್ಧಿ ಹೇಳ್ಲಿಕತ್ತಾರ," ಅಂದರು ಮಾಮಾ. "ಇಬ್ಬರೂ ಬಿದ್ರ ತಂಡಕ್ಕ ಏನ ಉಳೀತೈತಿ?"

"ನಿಮ್ಮಾವಂಗ ತಾಕತ್ತಿಲ್ಲ, ಅದಕ್ಕ ಮ್ಯಾನೇಜರ್ ಸೆರಗಿನ್ಯಾಗ ಅಡಗ್ಯಾನ."

ಕೊನೆಯ ಸುತ್ತು. ಕಿರಿಯ ಸಂದೇಶಕ್ಕೆ ಕಿವಿಗೊಡಲಿಲ್ಲ. ಎಡ ತಿರುವಿನ ಒಳಗಡೆಯ ಸಂದಿನಲ್ಲಿ ಗಾಡಿ ತೂರಿಸಿದ. ಅವನ ಮುಂದಿನ ಗಾಲಿ ಹಿರಿಯನ ಕಾಲಿಗೆ ತಾಗಿತು. ಇಬ್ಬರೂ ಹಾರಿ ಬಿದ್ದರು. ಕಿರಿಯ ಜಾರುತ್ತ ಹೋಗಿ ಎದ್ದು ನಿಂತ. ಹಿರಿಯ ಕಲ್ಲುಗರಸಿನ ಮೇಲೆ ಉರುಳುತ್ತ ಹೋದ. ಅವನ ಗಾಡಿ ಪಲ್ಟಿ ಹೊಡೆಯುತ್ತ ಬಂದು ಅವನ ಬೆನ್ನ ಮೇಲೆ ಬಡಿದು ಮುಂದೆ ಹಾರಿತು. ಅವನು ಅಲ್ಲಾಡಲಿಲ್ಲ. ಒಂದು ಕೈ ಮೈಯ ಕೆಳಗೆ ಸಿಕ್ಕಿತ್ತು, ಇನ್ನೊಂದು ತಿರುಚಿಕೊಂಡು ಬಿದ್ದಿತ್ತು.

ನಾನು ಚಪ್ಪಾಳೆ ತಟ್ಟಿದೆ. ಒಂದಲ್ಲ, ಎದ್ದು ನಿಂತು ತಟ್ಟಿದೆ. ಗ್ಯಾರೇಜಿನಲ್ಲಿ ಬೇರೆ ಯಾರೂ ತಟ್ಟಲಿಲ್ಲ.

ಮಾಮಾ ಟಿವಿ ಕಡೆಯಿಂದ ನನ್ನ ಕಡೆ ತಿರುಗಿದರು. ಎಂದಿನ ಮೆಲು ದನಿಯಲ್ಲೇ ಅಂದರು: "ಬಿದ್ದಾವನ್ನ ನೋಡಿ ಚಪ್ಪಾಳಿ ಹೊಡೀತಿ. ನಿನ್ನ ತಪ್ಪಲ್ಲ ಬಿಡು. ನಿಮ್ಮಪ್ಪನೂ ನಿಮ್ಮವ್ವನ್ನ ಹೊಡದು ಕೆಡವಿ ಎದಿ ಉಬ್ಬಿಸ್ಕೊಂಡು ಅಡ್ಡಾಡ್ತಿದ್ನಂತ. ಅದ ರಕ್ತ."

ನಮ್ಮಪ್ಪ ಸೀರೆ ನೇಯುತ್ತಿದ್ದ. ಅವ್ವನನ್ನು ಹೊಡೆಯುತ್ತಿದ್ದ. ಅದು ನಮ್ಮ ಮನೆಯ ನಾಲ್ಕು ಗೋಡೆಯೊಳಗಿನ ಮಾತು. ಅಪ್ಪ ಸತ್ತ ಮೇಲೆ ನಾವು ಮೂವರೂ ಒಬ್ಬರಿಗೊಬ್ಬರು ಸಹ ಆ ಮಾತು ಆಡಿರಲಿಲ್ಲ. ಅಕ್ಕ ಗಂಡನಿಗೆ ಹೇಳಿದ್ದಾಳೆ ಎಂಬುದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು, ಅದೂ ಐದು ಮಂದಿಯ ಎದುರಿಗೆ.

ಬೆಂಚಿನ ಮೇಲೆ ನನ್ನ ಹೆಲ್ಮೆಟ್ ಇತ್ತು. ಅದರ ಪಟ್ಟಿ ಹಿಡಿದು ಬೀಸಿದೆ. ಎಡ ದವಡೆಗೆ ಬಡಿಯಿತು. ಒಣ ಕಟ್ಟಿಗೆ ಮುರಿದಂಥ ಸಪ್ಪಳ ಕೇಳಿದ್ದು ನೆನಪಿದೆ. ಮಾಮಾ ಚೈನು ಸ್ಪ್ರಾಕೆಟ್ಟುಗಳ ಡಬ್ಬಿಯ ಮೇಲೆ ಬಿದ್ದರು, ಡಬ್ಬಿ ಉರುಳಿತು. ಅಲ್ಲಿಂದ ಮುಂದೆ ನನಗೆ ನೆನಪಿರುವುದು ಗೆಳೆಯನ ತೋಳು ನನ್ನ ಕುತ್ತಿಗೆಗೆ ಬಿದ್ದದ್ದು ಮಾತ್ರ. ಉಸಿರು ಕಟ್ಟುವ ತನಕ ಅವನು ಬಿಡಲಿಲ್ಲ. ಕಣ್ಣು ತೆರೆದಾಗ ಮಾಮಾ ನೆಲದ ಮೇಲೆ ಪಕ್ಕಕ್ಕೆ ಮಲಗಿದ್ದರು. ಬಾಯಿಂದ ರಕ್ತ ಆಯಿಲಿನ ಕಲೆಯ ಮೇಲೆ ಹರಿಯುತ್ತಿತ್ತು. ಎರಡು ಹಲ್ಲು ಹೊರಗೆ ಬಿದ್ದಿದ್ದವು. ಬಾಯಿ ಮುಚ್ಚಲು ನೋಡುತ್ತಿದ್ದರು, ಮುಚ್ಚುತ್ತಿರಲಿಲ್ಲ. ಕೆಳದವಡೆ ಒಂದು ಕಡೆ ಜೋತಿತ್ತು. ಟಿವಿಯಲ್ಲಿ ಆ ಇಬ್ಬರು ಬಿದ್ದದ್ದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು.

ಗೆಳೆಯ ತನ್ನ ಕಾರಿನಲ್ಲಿ ಬಾಗಲಕೋಟೆಗೆ ಹೊಡೆದ. ಹಿಂದಿನ ಸೀಟಿನಲ್ಲಿ ಮಾಮಾನ ತಲೆ ನನ್ನ ತೊಡೆಯ ಮೇಲೆ. ಉಳಿದವರೆಲ್ಲ ಅಂಜಿ ಜಾಗ ಖಾಲಿ ಮಾಡಿದ್ದರು, ಟವಲ್ ಒತ್ತಿ ಹಿಡಿಯಲು ಬೇರೆ ಯಾರೂ ಇರಲಿಲ್ಲ, ಅದಕ್ಕೆ ನನ್ನನ್ನು ಕೂಡಿಸಿದ್ದ. ಪ್ರತಿ ತಗ್ಗಿಗೂ ಅವರ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು. ನಾನು ಏನೇನೋ ಮಾತಾಡಿದೆ. ಅವರು ನನ್ನ ಕಡೆ ನೋಡದೆ ಕಾರಿನ ಚಾವಣಿಯನ್ನೇ ನೋಡುತ್ತಿದ್ದರು.

ದವಾಖಾನೆಯಲ್ಲಿ ಏನಾಯಿತು ಎಂದು ಕೇಳಿದಾಗ ಮಾಮಾ ಪೆನ್ನು ಕೇಳಿ ಬರೆದರು: ಗಾಡಿಯಿಂದ ಬಿದ್ದೆ. ಡಾಕ್ಟರ್ ಆ ಚೀಟಿ ಓದಿ ನನ್ನ ಅಂಗಿಯನ್ನು ನೋಡಿದರು, ಗೆಳೆಯನ ಮುಖ ನೋಡಿದರು, ಚೀಟಿಯಲ್ಲಿದ್ದದ್ದನ್ನೇ ಬರೆದುಕೊಂಡರು.

ಅಕ್ಕ ಹುನಗುಂದದಿಂದ ಬಂದಾಗ ನಾನು ವರಾಂಡದ ಗೋಡೆಗೆ ಒರಗಿ ಕುಂತಿದ್ದೆ. ಎದ್ದು ನಿಂತೆ. ಅವಳು ಅಳುತ್ತಿರಲಿಲ್ಲ.

"ಎಷ್ಟು ಸಲ ಹೊಡದಿ?"

"ಒಮ್ಮೆ, ಅಕ್ಕಾ."

ಅವಳು ಗೆಳೆಯನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿ ಅಂದ: "ಮೂರ ಸಲ, ಅಕ್ಕಾರ. ಎರಡು ಬಿದ್ದ ಮ್ಯಾಲೆ."

ಅಕ್ಕ ನನ್ನ ಕಡೆ ತಿರುಗಿದಳು. "ಅಪ್ಪ ಸೈತ ಅವ್ವ ಬಿದ್ದ ಮ್ಯಾಲೆ ನಿಲ್ಲಿಸ್ತಿದ್ದ," ಅಂದಳು. "ಹೋಗು ಇಲ್ಲಿಂದ."

ನನಗೆ ಇವತ್ತಿಗೂ ಆ ಇನ್ನೆರಡು ಹೊಡೆತ ನೆನಪಿಗೆ ಬಂದಿಲ್ಲ. ನೆನಪು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ. ನಾನು ಮಾಡಿದ್ದನ್ನು ಬೇರೆಯವರ ಬಾಯಿಂದ ಕೇಳಿ ನಂಬಬೇಕಾಗಿದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. "ಯಾವ ಕೈಲೆ?" ಅಂತ ಕೇಳಿದಳು. ಬಲಗೈ ಅಂದೆ. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ, ಊಟಕ್ಕೆ ಮಾತ್ರ ಹಾಕಿದಳು.

ಮಾಮಾನ ದವಡೆಗೆ ಪ್ಲೇಟು ಕೂಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಕಟ್ಟಿದರು. ವಾರಗಟ್ಟಲೆ ಗಂಜಿ, ಮಜ್ಜಿಗೆ, ಬೇಳೆಕಟ್ಟು, ಎಲ್ಲವೂ ಕೊಳವೆಯಲ್ಲಿ. ಪಾಠ ಮಾಡಿ ಬದುಕುವ ಮನುಷ್ಯ ಪಾಟಿಯ ಮೇಲೆ ಬರೆದು ನೀರು ಕೇಳುವಂತಾಯಿತು. ನಾನು ಮೂರು ಸಲ ಹುನಗುಂದಕ್ಕೆ ಹೋದೆ. ಮೂರು ಸಲವೂ ಅಕ್ಕ ಬಾಗಿಲ ಹತ್ತಿರ ಬಂದು "ಇವತ್ತ ಬ್ಯಾಡ" ಅಂದು ಒಳಗೆ ಹೋದಳು. ಅಷ್ಟರಲ್ಲೇ ಆ ಇಬ್ಬರು ಸವಾರರ ಫೋಟೋ ಬಂತು. ಹಿರಿಯ ಕೈಯನ್ನು ಜೋಳಿಗೆಗೆ ಹಾಕಿಕೊಂಡು ನಗುತ್ತಿದ್ದ, ಪಕ್ಕದಲ್ಲಿ ಕಿರಿಯ ಅವನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದ. ಅದನ್ನು ನೋಡಿ ಫೋನನ್ನು ಗೋಡೆಗೆ ಒಗೆದೆ. ಸಿಟ್ಟು ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ತಂತಿ ಬಿಚ್ಚಿದ ಮೇಲೆ ಮಾಮಾ ತಾವೇ ಕರೆಸಿದರು. ಬೆಳಿಗ್ಗೆ ಹೋದೆ. ಕಟ್ಟೆಯ ಮೇಲೆ ಕುಂತಿದ್ದರು, ಅರ್ಧ ಮೈ ಕರಗಿಹೋಗಿತ್ತು. ಕಾಲು ಹಿಡಿಯಲು ಬಗ್ಗಿದೆ, ಕಾಲು ಹಿಂದೆ ತೆಗೆದುಕೊಂಡರು.

"ಕೂಡು," ಅಂದರು. ಮಾತು ಎಡಗಡೆ ತೊದಲುತ್ತಿತ್ತು. "ಮಂದಿ ಮುಂದ ನಿಮ್ಮಪ್ಪನ ಮಾತು ತಗದದ್ದು ನಂದ ತಪ್ಪು. ನಿಮ್ಮಕ್ಕ ನಂಬಿ ಹೇಳಿದ್ಲು, ನಾ ಅದನ್ನ ಒಗದೆ. ಆಕಿ ಮುಂದ ತಪ್ಪಾತು ಅಂದೇನಿ. ಈಗ ನಿನ್ನ ಮುಂದೂ ಅಂತೇನಿ."

"ಇಲ್ರಿ ಮಾಮಾ, ನಾ..."

"ಕೇಳು. ಗಾಡಿಯಿಂದ ಬಿದ್ದೆ ಅಂತ ಬರದದ್ದು ನಿನ್ನ ಸಲುವಾಗಿ ಅಲ್ಲ. ನಿಮ್ಮಕ್ಕ ಒಂದ ಕಡೆ ದವಾಖಾನಿ, ಒಂದ ಕಡೆ ಪೊಲೀಸ್ ಠಾಣೆ ಅಂತ ಅಡ್ಡಾಡೂದು ಬ್ಯಾಡ ಅನಿಸ್ತು. ಇನ್ನೊಮ್ಮೆ ಯಾರ ಮ್ಯಾಲಾದ್ರೂ ನೀ ಕೈ ಎತ್ತಿದಿ ಅಂತ ನನ್ನ ಕಿವಿಗೆ ಬಿದ್ರ ಖರೆ ಏನಾತು ಅಂತ ನಾನ ಠಾಣೆಗೆ ಹೋಗಿ ಬರದು ಕೊಡ್ತೇನಿ."

ಹೂಂ ಅಂದೆ. ಒಳಗಿನಿಂದ ಅಕ್ಕ ಎರಡು ಕಪ್ ಚಹಾ ತಂದಿಟ್ಟಳು. ಯಾರೂ ರೇಸಿನ ಮಾತು ಎತ್ತಲಿಲ್ಲ. ಸಾಲಿಯಲ್ಲಿ ಕೆಲವು ಹುಡುಗರು ತಮ್ಮ ತೊದಲು ಮಾತನ್ನು ಅಣಕಿಸುತ್ತಾರೆ ಎಂದು ಮಾಮಾ ತಾವಾಗಿಯೇ ಹೇಳಿದರು. ದೂರಿನ ದನಿಯಲ್ಲಿ ಹೇಳಲಿಲ್ಲ, ಅದಕ್ಕೇ ನನಗೆ ಕುಂತಲ್ಲಿ ಕೂಡಲಾಗಲಿಲ್ಲ.

ಈಗ ನಾನು ಕಾರ್ಖಾನೆಯಲ್ಲಿ ಯಾರಾದರೂ ಜಗಳಕ್ಕೆ ನಿಂತರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊರಗೆ ನಡೆದುಬಿಡುತ್ತೇನೆ. ಅಂಜುಬುರುಕ ಅನ್ನುತ್ತಾರೆ. ಒಳಗಿನ ಸಿಟ್ಟು ಕಡಿಮೆಯಾಗಿಲ್ಲ. ಕೆಲವು ದಿನ ಹಲ್ಲು ಕಚ್ಚಿ ಕಚ್ಚಿ ನನ್ನದೇ ದವಡೆ ನೋಯುತ್ತದೆ.

ಹೋದ ವರ್ಷ ಮಾಮಾನ ತಮ್ಮ ಬಾದಾಮಿಯಲ್ಲಿ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ನಮ್ಮನ್ನೂ ಕರೆದಿದ್ದರು. ಪಂಕ್ತಿಯಲ್ಲಿ ಮಾಮಾನ ಬಾಜೂಕೆ ನನಗೆ ಜಾಗ ಸಿಕ್ಕಿತು. ಇಬ್ಬರೂ ಚೆನ್ನಾಗಿ ಮಾತಾಡಿದೆವು, ಅವರ ಮಗಳ ಓದು, ಊರಿನ ಬಿಸಿಲು, ಹೀಗೆ. ಸಾರು ನೀಡುವವನನ್ನು ಕರೆಯಲು ನಾನು ಸರಕ್ಕನೆ ಬಲಗೈ ಎತ್ತಿದೆ. ಮಾಮಾ ತಟ್ಟನೆ ತಲೆ ತಗ್ಗಿಸಿ ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದರು. ಅವರ ಎಲೆಯ ಮೇಲಿನ ಅನ್ನ ಚೆಲ್ಲಿತು. ಎದುರು ಪಂಕ್ತಿಯಲ್ಲಿ ಕುಂತಿದ್ದ ಅಕ್ಕ ನೋಡಿದಳು, ನೋಡಿ ತನ್ನ ಎಲೆಗೆ ಕಣ್ಣು ಇಳಿಸಿದಳು. ಮಾಮಾ ನಾಚಿಕೊಂಡು ಚೆಲ್ಲಿದ ಅಗುಳುಗಳನ್ನು ಬೆರಳಿನಿಂದ ಕೂಡಿಸತೊಡಗಿದರು. ನಾನು ಕೈ ಕೆಳಗಿಳಿಸಿದೆ. ಸಾರಿನವನು ಮುಂದೆ ಹೋಗಿಬಿಟ್ಟ. ನಾನು ಬರೀ ಅನ್ನ ಉಂಡು ಎದ್ದೆ.