ಕಡಲಡಿಯ ಏಲಂ

ಕಾಪುವಿನ ನವ್ಯಶ್ರೀ ಒಂಬತ್ತು ವರ್ಷ ಒಂದೇ ಕಥೆಯನ್ನು ಬರೆದಳು. ಕಥೆಯೂ ಅಲ್ಲ, ಕಥೆಯೊಳಗಿನ ಒಂದು ದೃಶ್ಯ. ಆರು ಸಾಲಿನಿಂದ ಶುರುವಾದದ್ದು ಹನ್ನೊಂದು ನೋಟುಪುಸ್ತಕ ತುಂಬಿತು. ನೆರೆಕರೆಯವರಿಗೆ ಗೊತ್ತಿದ್ದದ್ದು ಇಷ್ಟೇ: ಮಣಿಪಾಲದ ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುವ ಹುಡುಗಿ, ಬೆಳಗ್ಗೆ ಬಸ್ಸಿಗೆ ಹೊರಡುವ ಮೊದಲು ಜಗಲಿಯಲ್ಲಿ ಕುಳಿತು ಏನೋ ಬರೆಯುತ್ತಾಳೆ, ಆಗ ಮಾತನಾಡಿಸಬಾರದು.

ಅವಳ ತಾಯಿ ಅಪ್ಪಿ ಮೀನು ಮಾರುವವಳು. ಕತ್ತಲೆ ಹರಿಯುವ ಮೊದಲೇ ಮಲ್ಪೆ ಬಂದರಿಗೆ ಹೋಗಿ, ಏಲಂನಲ್ಲಿ, ಎಂದರೆ ಮೀನಿನ ಹರಾಜಿನಲ್ಲಿ, ದರ ಕೂಗಿ ಬುಟ್ಟಿ ಹಿಡಿದು, ಟೆಂಪೋ ಹತ್ತಿ ಕಾರ್ಕಳದ ಕಡೆ ಹೋಗಿ ಕುಕ್ಕುಂದೂರಿನ ಮನೆಮನೆಗೆ ಮಾರಿ ಬರುತ್ತಿದ್ದಳು. ಗಂಡ ಕಾಮಾಲೆಯಲ್ಲಿ ತೀರಿಹೋದ ಮೇಲೆ ಆ ಬುಟ್ಟಿಯೇ ಮಗಳನ್ನು ಕಾಲೇಜಿಗೆ ಕಳುಹಿಸಿದ್ದು. ಮಗ ಜಿತೇಂದ್ರನಿಗೆ ಓದು ಹತ್ತಲಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಹದಿನೆಂಟು ತುಂಬುವಾಗ ಟ್ರಾಲ್ ಬೋಟಿನಲ್ಲಿ ಹತ್ತು ಹತ್ತು ದಿನ ಆಳಸಮುದ್ರಕ್ಕೆ ಹೋಗತೊಡಗಿದ್ದ.

೧೯೯೮ರಲ್ಲಿ ನವ್ಯಶ್ರೀ ಉಡುಪಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಕನ್ನಡ ಪಾಠಕ್ಕೆ ಬರುತ್ತಿದ್ದವರು ದ್ರಾಕ್ಷಾಯಿಣಿ ಮೇಡಂ, ಗದಗದ ಕಡೆಯವರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಮಕ್ಕಳಿಂದ ಬರೆಸಬೇಕೆಂದು ಅವರು ಒಂದು ಕ್ರಮ ಹಾಕಿಕೊಂಡಿದ್ದರು. ಮೊದಲ ಶನಿವಾರ, ಲೋಕದಲ್ಲಿ ನಡೆಯಲಾರದ ಒಂದು ಸಂಗತಿಯನ್ನು ಆರೇ ಸಾಲಿನಲ್ಲಿ ಬರೆದು ತರಬೇಕು. ಮುಂದಿನ ಶನಿವಾರಗಳಲ್ಲಿ ಹೊಸದು ಬರೆಯುವಂತಿಲ್ಲ, ಅದನ್ನೇ ಬೆಳೆಸಬೇಕು.

ನವ್ಯಶ್ರೀ ತನಗೆ ಗೊತ್ತಿದ್ದದ್ದನ್ನೇ ತಲೆಕೆಳಗು ಮಾಡಿ ಬರೆದಳು. ಕಡಲಿನ ಅಡಿಯಲ್ಲೂ ಒಂದು ಬಂದರು ಉಂಟು. ಅಲ್ಲಿಯೂ ಏಲಂ ಉಂಟು. ಮೇಲಿನ ಬೋಟುಗಳಿಂದ ಬಿದ್ದದ್ದನ್ನೆಲ್ಲ ಅಲ್ಲಿ ಬುಟ್ಟಿಯಲ್ಲಿ ಇಟ್ಟು ಮಾರುತ್ತಾರೆ. ಸುತ್ತ ನಿಂತು ಕೂಗುವವರು ಮನುಷ್ಯರಲ್ಲ.

ಮೇಡಂ ಓದಿ ಕನ್ನಡಕ ತೆಗೆದರು. "ಛಲೋ ಐತಿ. ಅಲ್ಲೇನು ರೊಕ್ಕ ನಡೀತದೇನು? ನೀರಾಗ ನೋಟು ಒದ್ದಿ ಆಗೂದಿಲ್ಲೇನವಾ? ಅದನ್ನ ವಿಚಾರ ಮಾಡು."

ಅವಳು ವಿಚಾರ ಮಾಡಿದಳು. ನೀರಿನ ಅಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಯಾವುದು? ಉಸಿರು. ಎರಡನೆಯ ಸಲ ಬರೆದಾಗ ಕೂಗುವವರು ಉಸಿರಿನ ಲೆಕ್ಕದಲ್ಲಿ ಕೂಗಿದರು. ಒಂದು ಚಪ್ಪಲಿಗೆ ಎರಡು ಉಸಿರು, ಕೈಗಡಿಯಾರಕ್ಕೆ ಹನ್ನೆರಡು. ಮೂರನೆಯ ಸಲ ಏಲಂ ಕೂಗುವವನಿಗೆ ದನಿ ಬಂತು, ಒದ್ದೆ ಹಗ್ಗವನ್ನು ಮರಕ್ಕೆ ಉಜ್ಜಿದಂಥ ದನಿ. ನಾಲ್ಕನೆಯ ಸಲ ಒಂದು ದೊಡ್ಡ ಬುಟ್ಟಿ ಬಂತು, ಮೇಲೆ ಗೋಣಿ ಮುಚ್ಚಿತ್ತು. ಪ್ರತಿ ಭಾನುವಾರ ಅವಳು ಬರೆದದ್ದನ್ನು ತಾಯಿಗೆ ಓದಿ ಹೇಳುವಳು. ಅಪ್ಪಿಗೆ ಅಕ್ಷರ ಬರುತ್ತಿರಲಿಲ್ಲ, ಏಲಂ ಬರುತ್ತಿತ್ತು.

"ನಿನ್ನ ಏಲಂನವನಿಗೆ ಕೆಲಸ ಗೊತ್ತಿಲ್ಲ ಮಾರಾಯ್ತಿ," ಎಂದು ನಗುವಳು. "ಗೋಣಿ ಮುಚ್ಚಿ ಇಟ್ಟರೆ ಯಾರು ಕೂಗ್ತಾರೆ? ಮಾಲು ತೋರಿಸ್ಬೇಕು."

ಐದನೆಯ ಸಲ ಅವಳು ಗೋಣಿ ತೆಗೆದಳು. ಒಳಗೆ ಒಬ್ಬ ಮನುಷ್ಯ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದ. ಅವನಿಗೆ ಒಂದು ಮುಖ ಬೇಕಿತ್ತು. ಎಷ್ಟು ಯೋಚಿಸಿದರೂ ಇಲ್ಲದ ಮುಖವೊಂದನ್ನು ಹುಟ್ಟಿಸಲು ಅವಳಿಗೆ ಆಗಲಿಲ್ಲ. ಎಡಹುಬ್ಬಿನ ಮೇಲೆ ಹಗ್ಗ ಬಡಿದ ಗಾಯದ ಗುರುತು, ಮುಂದಿನ ಹಲ್ಲು ಸ್ವಲ್ಪ ಮುರಿದದ್ದು, ಎರಡು ಸುಳಿಯ ತಲೆ. ಬರೆದು ಮುಗಿಸಿದಾಗಲೇ ಅದು ಜಿತೇಂದ್ರ ಎಂದು ಅವಳಿಗೆ ತಿಳಿದದ್ದು. ಹೊಡೆದು ಹಾಕಬಹುದಿತ್ತು. ಆದರೆ ಅಷ್ಟು ಚೆನ್ನಾಗಿ ಅವಳು ಮೊದಲು ಏನನ್ನೂ ಬರೆದಿರಲಿಲ್ಲ. ಬಿಟ್ಟಳು. ಏಲಂನವನು ಒಂದು ಸಲ ಕೂಗಿದ, ಎರಡು ಸಲ ಕೂಗಿದ. ಅಷ್ಟರಲ್ಲಿ ಪುಟ ಮುಗಿಯಿತು. ಮೂರನೆಯದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಳು.

ಜಿತೇಂದ್ರನ ಬೋಟು ಆ ಗುರುವಾರ ಬರಬೇಕಿತ್ತು, ಬರಲಿಲ್ಲ. ಶುಕ್ರವಾರ ವಯರ್‌ಲೆಸ್ಸಿಗೆ ಉತ್ತರ ಬರಲಿಲ್ಲ. ಶನಿವಾರ ಅಪ್ಪಿ ಬಂದರಿನಿಂದ ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದಳು. ಭಾನುವಾರ ಇಬ್ಬರೂ ಸುದ್ದಿಗೆ ಕಾಯುತ್ತ ಕುಳಿತಿದ್ದಾಗ ತಾಯಿಯೇ ಕೇಳಿದಳು.

"ನಿನ್ನ ಬುಟ್ಟಿಯಲ್ಲಿ ಎಂತ ಇತ್ತು? ಈ ವಾರ ಓದಲೇ ಇಲ್ಲ ಅಲ್ವಾ ನೀನು."

ನವ್ಯಶ್ರೀ ಸುಳ್ಳು ಹೇಳಲು ನೋಡಿದಳು, ಆಗಲಿಲ್ಲ. ಓದಿದಳು. ಹುಬ್ಬಿನ ಗಾಯ ಬಂದಾಗ ಅಪ್ಪಿಯ ಕೈ ಎದೆಗೆ ಹೋಯಿತು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮಗಳು ಕಾದಳು. ಅಪ್ಪಿ ಕೇಳಿದ್ದು ಒಂದೇ ಮಾತು.

"ಮೂರು ಸಲ ಕೂಗಿ ಆಗಿದೆಯಾ?"

"ಇಲ್ಲಮ್ಮ. ಎರಡು."

"ಹಾಗಾದರೆ ಮಾಲು ಇನ್ನೂ ಯಾರದ್ದೂ ಅಲ್ಲ." ಅಪ್ಪಿ ಎದ್ದು ಬಂದು ಪಕ್ಕದಲ್ಲಿ ಕುಳಿತಳು. "ಪೆನ್ನು ತೆಗಿ."

"ಹರಿದು ಒಲೆಗೆ ಹಾಕುವಾ ಅಮ್ಮ."

"ನಿನಗೆ ಮರುಳಾ? ಬುಟ್ಟಿ ಅಲ್ಲಿ ಉಂಟು, ನಾವು ಜಾಗ ಬಿಟ್ಟು ಹೋದರೆ ಆಯ್ತಾ? ಎದುರು ನಿಂತವ ತೆಗೆದುಕೊಂಡು ಹೋಗ್ತಾನೆ. ಕೂಗುವವ ಎಷ್ಟು ಹೊತ್ತು ಕಾಯ್ತಾನೆ? ಮೇಲಿನಿಂದ ಒಬ್ಬರು ಕೂಗ್ಬೇಕು. ಬರಿ. ಹಿಂದಿನಿಂದ ಒಂದು ಹೆಂಗಸು ಕೂಗಿದಳು ಅಂತ ಬರಿ."

ಅಂದು ಸಂಜೆಯವರೆಗೆ ತಾಯಿ ಹೇಳಿದಳು, ಮಗಳು ಬರೆದಳು. ಕಡಲಡಿಯವನೊಬ್ಬ ನೂರು ಉಸಿರು ಎಂದರೆ ಹೆಂಗಸು ನೂರ ಹತ್ತು ಎಂದಳು. ಅವನು ಇನ್ನೂರು ಎಂದರೆ ಇವಳು ಇನ್ನೂರ ಹತ್ತು. ಸೋಮವಾರ ಮಧ್ಯಾಹ್ನ ಜಿತೇಂದ್ರನ ಬೋಟನ್ನು ಇನ್ನೊಂದು ಬೋಟು ಎಳೆದುಕೊಂಡು ಮಲ್ಪೆಗೆ ತಂದಿತು. ಇಂಜಿನ್ನು ಕೆಟ್ಟು ನಾಲ್ಕು ದಿನ ತೇಲಿದ್ದರಂತೆ, ಬ್ಯಾಟರಿ ಇಳಿದು ವಯರ್‌ಲೆಸ್ಸೂ ಸತ್ತಿತ್ತಂತೆ. ಹುಡುಗ ನಗುತ್ತಲೇ ಇಳಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಂಟು ದಿನ ಕಳೆದು ಅವನು ಮತ್ತೆ ಕಡಲಿಗೆ ಹೊರಟಾಗ ನವ್ಯಶ್ರೀಗೆ ಆ ಬುಟ್ಟಿ ನೆನಪಾಯಿತು. ಏಲಂನವನು ಎರಡು ಸಲ ಕೂಗಿ ಬಾಯಿ ತೆರೆದು ನಿಂತಿದ್ದಾನೆ. ಮೂರನೆಯದನ್ನು ಬರೆಯುವ ಧೈರ್ಯ ಅವಳಿಗಿಲ್ಲ, ಬರೆಯದೆ ಬಿಟ್ಟರೆ ಅವನೇ ಕೂಗಿಬಿಟ್ಟಾನು. ಪುಸ್ತಕ ತೆರೆದು ಇನ್ನೊಂದು ಪುಟ ಬೆಳೆಸಿದಳು.

ಮೇಡಂ ಸಂಚಿಕೆಗೆ ಕೇಳಿದರು. ನವ್ಯಶ್ರೀ ಕೊಡುವುದಿಲ್ಲವೆಂದು ತಲೆ ಅಲ್ಲಾಡಿಸಿದಳು.

"ಯಾಕವಾ? ಬೆಳಸು ಅಂದ್ರ ಬೆಳಸ್ಕೋತ ಕೂಡು ಅಂತಲ್ಲ. ಕಥೀಗೆ ಒಂದು ಕಡೀ ಇರಬೇಕು."

"ಕಡೆ ಬೇಡ ಮೇಡಂ," ಎಂದಳು ಅವಳು. ಮೇಡಂ ಸಂಚಿಕೆಯ ಪಟ್ಟಿಯಿಂದ ಅವಳ ಹೆಸರು ತೆಗೆದರು. ಮರುವರ್ಷ ಅವರಿಗೆ ವರ್ಗವಾಯಿತು.

ಮೊದಮೊದಲು ಕೂಗುವ ಹೆಂಗಸರು ಹಲವರಿದ್ದರು. ಒಮ್ಮೆ ನವ್ಯಶ್ರೀ ಪಕ್ಕದ ಮನೆಯ ಕಮಲಕ್ಕನ ಹೆಸರಿನಲ್ಲಿ ಕೂಗಿಸಿದಳು. ಅದೇ ವಾರ ಕಮಲಕ್ಕನಿಗೆ ನ್ಯುಮೋನಿಯಾ ಆಗಿ, ಮಣಿಪಾಲದಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದರು. ನವ್ಯಶ್ರೀ ಆ ಹೆಸರನ್ನು ಹೊಡೆದು ಹಾಕಿದಳು. ಕಮಲಕ್ಕ ಗುಣವಾಗಿ ಬಂದರು. ಅಂದಿನಿಂದ ದೃಶ್ಯದಲ್ಲಿ ಕೂಗುವವರು ಇಬ್ಬರೇ ಉಳಿದರು. ಎದುರಿನವನು ಒಬ್ಬ. ಅವನಿಗೆ ಅವಳು ಕೊನೆಯವರೆಗೂ ಮುಖ ಕೊಡಲಿಲ್ಲ. ಇನ್ನೊಬ್ಬಳು, ಕಾಪುವಿನ ನವ್ಯಶ್ರೀ. ತಮ್ಮ ಪ್ರತಿ ಸಲ ಕಡಲಿಗೆ ಇಳಿಯುವಾಗಲೂ ಎದುರಿನವನು ಒಂದು ಕೂಗು ಕೂಗುವನು, ಅವಳು ಅದಕ್ಕಿಂತ ಮೇಲೆ ಕೂಗಿ ಪುಸ್ತಕ ಮುಚ್ಚುವಳು. ಕೊನೆಯ ಕೂಗು ಯಾವಾಗಲೂ ತನ್ನದೇ ಇರಬೇಕು. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುವ ಎರಡು ತಿಂಗಳು ಮಾತ್ರ ಅವಳ ಕೈಗೆ ಬಿಡುವು.

ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ಮುಂಬಯಿಯ ಒಂದು ಸಂಬಂಧ ಬಂತು, ಒಪ್ಪಲಿಲ್ಲ. ತಮ್ಮ ಹೊರಟ ದಿನ ತಿಳಿಯದೆ ಅಷ್ಟು ದೂರ ಕುಳಿತು ಹೇಗೆ ಕೂಗುವುದು? ಪ್ರತಿ ಕೂಗಿನ ಏರಿಕೆ ಹತ್ತರಿಂದ ಸಾವಿರಕ್ಕೆ ಹೋಯಿತು, ಸಾವಿರದಿಂದ ಲಕ್ಷಕ್ಕೆ. ಚಿಲ್ಲರೆ ಕೂಗಿದರೆ ಏಲಂನವನು ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದು ದಿನ ಪ್ರೆಸ್ಸಿನಲ್ಲಿ ಯೋಗದ ಪುಸ್ತಕವೊಂದರ ಪ್ರೂಫ್ ನೋಡುವಾಗ, ಮನುಷ್ಯ ದಿನಕ್ಕೆ ಇಪ್ಪತ್ತೊಂದು ಸಾವಿರದ ಆರುನೂರು ಸಲ ಉಸಿರಾಡುತ್ತಾನೆ ಎಂಬ ಸಾಲು ಬಂತು. ಅಕ್ಷರ ತಪ್ಪಿಲ್ಲವೆಂದು ನೋಡಿ ಬೇಗ ಪುಟ ಮಗುಚಿದಳು. ಲೆಕ್ಕ ಹಾಕಲಿಲ್ಲ.

೨೦೦೭ರ ಡಿಸೆಂಬರಿನಲ್ಲಿ ಜಿತೇಂದ್ರನ ಮದುವೆ ನಿಶ್ಚಯವಾಯಿತು. ಆಗ ಅವನೇ ಬೋಟು ನಡೆಸುವ ತಾಂಡೇಲ. ರೇಷನ್ ಕಾರ್ಡು ಹುಡುಕುತ್ತ ಪೆಟ್ಟಿಗೆ ತೆರೆದವನಿಗೆ ನೋಟುಪುಸ್ತಕಗಳು ಸಿಕ್ಕಿದವು. ಅಕ್ಷರಕ್ಕೆ ಅಕ್ಷರ ಕೂಡಿಸಿ ಇಡೀ ದಿನ ಅಲ್ಲಲ್ಲಿ ಓದಿದ. ಸಂಜೆ ಅಕ್ಕ ಬಸ್ಸಿಳಿದು ಬಂದಾಗ ಹನ್ನೊಂದನೆಯ ಪುಸ್ತಕ ಅವನ ಮಡಿಲಲ್ಲಿತ್ತು.

"ಎಂತ ಅಕ್ಕ ಇದು? ಒಂಬತ್ತು ವರ್ಷ ನನ್ನನ್ನು ಬುಟ್ಟಿಯಲ್ಲೇ ಕೂರಿಸಿದ್ದೀಯಲ್ಲ. ಕಾಲು ಜೋಮು ಹಿಡಿಯುವುದಿಲ್ವಾ ನನಗೆ?"

"ಕೊಡು ಇಲ್ಲಿ."

"ಅದಕ್ಕೇ ನನಗೆ ಯಾವಾಗಲೂ ಸೊಂಟ ನೋವು. ಈಗ ಗೊತ್ತಾಯ್ತು."

"ಜಿತ್ತು, ತಮಾಷೆ ಅಲ್ಲ. ಕೊಡು."

ಅವನು ನಗು ನಿಲ್ಲಿಸಿದ. "ಇದಕ್ಕೇ ಅಲ್ವಾ ನೀನು ಮುಂಬಯಿಯವರನ್ನು ಬೇಡ ಅಂದದ್ದು? ನಾನು ದೊಡ್ಡವನಾದೆ ಅಕ್ಕ. ನನ್ನ ಬೋಟಿನಲ್ಲಿ ಜಿಪಿಎಸ್ ಉಂಟು, ಫೋನು ಉಂಟು. ಇನ್ನು ಸಾಕು ಮಾರಾಯ್ತಿ."

ಅವಳು ಪುಸ್ತಕ ಕಿತ್ತುಕೊಂಡಳು. ಮರುದಿನ ನಸುಕಿಗೆ ಅವನು ಹೊರಡುವವನಿದ್ದ. ಅಲ್ಲೇ ನಿಂತು, ಎದುರಿನವನಿಗೊಂದು ಕೂಗು, ತನಗೊಂದು ಕೂಗು ಬರೆದು ಪೆಟ್ಟಿಗೆಯಲ್ಲಿಟ್ಟಳು. ತನ್ನ ಕೂಗು ಹದಿನಾರು ಕೋಟಿ ಉಸಿರು.

ಬೆಳಗ್ಗೆ ಎದ್ದಾಗ ಅವನು ಹೋಗಿಯಾಗಿತ್ತು. ಪೆಟ್ಟಿಗೆಯ ಮುಚ್ಚಳ ಅರೆ ತೆರೆದಿತ್ತು. ಕೊನೆಯ ಪುಟದಲ್ಲಿ, ಅವಳ ಕೂಗಿನ ಕೆಳಗೆ, ಜಿತೇಂದ್ರನ ದೊಡ್ಡ ದೊಡ್ಡ ಅಕ್ಷರಗಳಿದ್ದವು: "ಮೂರು ಸಲ. ಏಲಂ ಮುಗಿಯಿತು. ಅಕ್ಕ, ಇನ್ನು ನೀನು ಮನೆಗೆ ಹೋಗು." ತನ್ನ ಅಕ್ಕನನ್ನು ಬಿಡಿಸಿದೆನೆಂದೇ ಅವನು ತಿಳಿದಿದ್ದ.

ಅವಳ ಮೊದಲ ಯೋಚನೆ ಅವನದೇ. ಮಾಲು ಎದುರಿನವನ ಕೈಗೆ ಹೋಯಿತೇ? ಮತ್ತೆ ಓದಿದಳು. ಇಲ್ಲ, ಕೊನೆಯ ಕೂಗು ತನ್ನದು. ಜಿತೇಂದ್ರ ಇನ್ನು ತನ್ನವನು, ಅವನನ್ನು ಆ ಬಂದರಿನಲ್ಲಿ ಯಾರೂ ಮುಟ್ಟುವಂತಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳ ಭುಜ ಹಗುರವಾಯಿತು. ಆ ಮೇಲೆ ಪೆನ್ಸಿಲು ತೆಗೆದು, ಪುಸ್ತಕದ ಹಿಂದಿನ ರಟ್ಟಿನ ಮೇಲೆ, ಇಷ್ಟು ದಿನ ಹಾಕದಿದ್ದ ಲೆಕ್ಕ ಹಾಕಿದಳು. ಎರಡು ಸಲ ಭಾಗಿಸಿ ನೋಡಿದಳು. ತನ್ನ ಆಯುಷ್ಯದಲ್ಲಿ ಇಪ್ಪತ್ತು ವರ್ಷಕ್ಕೆ ಸ್ವಲ್ಪ ಹೆಚ್ಚು.

ಹತ್ತನೆಯ ದಿನ ಬೋಟು ಹೇಳಿದ ಹೊತ್ತಿಗೇ ಬಂತು. ಜಿತೇಂದ್ರ ಒಂದು ದೊಡ್ಡ ಅಂಜಲ್ ಮೀನು ಮನೆಗೆ ಕಳುಹಿಸಿದ್ದ. ಅಪ್ಪಿ ಹಿತ್ತಿಲ ಕಲ್ಲಿನ ಮೇಲೆ ಅದನ್ನು ಕೊಯ್ಯುತ್ತಿದ್ದಳು. ನವ್ಯಶ್ರೀ ಮೆಟ್ಟಿಲಲ್ಲಿ ಬಂದು ಕುಳಿತಳು.

"ಈ ಸಲ ನೀನು ಬರೆಯಲು ಕೂತದ್ದು ನಾನು ನೋಡಲಿಲ್ಲ," ಎಂದಳು ಅಪ್ಪಿ.

"ಏಲಂ ಮುಗಿಯಿತಮ್ಮ."

ಕತ್ತಿ ನಿಂತಿತು. "ಯಾರಿಗಾಯ್ತು?"

"ನನಗೇ."

ಅಪ್ಪಿ ಉಸಿರು ಬಿಟ್ಟು, ಮೀನಿನ ತಲೆಯನ್ನು ಬೇರೆ ಮಾಡಿ ಪಾತ್ರೆಗೆ ಹಾಕಿದಳು. ಬಂದರಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಕೇಳುವ ಹಾಗೆ, ತಲೆ ಎತ್ತದೆ ಕೇಳಿದಳು.

"ಎಷ್ಟಕ್ಕೆ?"

"ಕಡಿಮೆಗೇ ಸಿಕ್ಕಿತು."

ಅಪ್ಪಿ ಕತ್ತಿಯನ್ನು ಕಲ್ಲಿನ ಮೇಲಿಟ್ಟಳು. ಮೂವತ್ತು ವರ್ಷ ಏಲಂನಲ್ಲಿ ನಿಂತವಳ ಕಣ್ಣಿನಿಂದ ಮಗಳ ಮುಖವನ್ನು ನೋಡಿದಳು, ಕುತ್ತಿಗೆಯನ್ನು ನೋಡಿದಳು, ಏರಿ ಇಳಿಯುತ್ತಿದ್ದ ಎದೆಯನ್ನು ನೋಡಿದಳು.

"ಅಂಥ ಮಾಲನ್ನು ಯಾರೂ ಕಡಿಮೆಗೆ ಬಿಡುವುದಿಲ್ಲ, ಮಗಾ," ಎಂದಳು.