ನಂದಿಬಟ್ಟಲ ಹೂವಿನ ನೀರು

ಮುಂಬೈ ಬಳಿಯ ಖಾರಘರದಲ್ಲಿ, ಅತ್ತೆಯ ಮನೆಯ ಫ್ರಿಜ್ಜಿನಲ್ಲಿದ್ದ ಆ ಲೋಟವನ್ನು ನಾನು ಇನ್ನೂ ಮರೆತಿಲ್ಲ. ಒಳಗೆ ನಂದಿಬಟ್ಟಲ ಹೂಗಳು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದವು. ಅಂಚಿಗೆ ಒಂದು ಸತ್ತ ಇರುವೆ ಅಂಟಿತ್ತು. ಅಜ್ಜಿ ಅಲ್ಲಿದ್ದಷ್ಟು ದಿನ ಅತ್ತೆ ಆ ನೀರನ್ನು ತಮ್ಮ ಅಮ್ಮನ, ಅಂದರೆ ನನ್ನ ಅಜ್ಜಿಯ, ಕಣ್ಣಿಗೆ ದಿನವೂ ಬಿಡುತ್ತಿದ್ದರು.

ಅಜ್ಜಿ ಇರುವುದು ಡೊಂಬಿವಲಿಯಲ್ಲಿ, ನಮ್ಮ ಜೊತೆ. ಬಲಗಣ್ಣು ಮೊದಲೇ ಹೋಗಿತ್ತು. ಅದು ಮಂಜಾದಾಗ ಪೊರೆ ಎಂದುಕೊಂಡು, ಹಣ್ಣಾದ ಮೇಲೆ ತೆಗೆಸಿದರಾಯಿತೆಂದು ಮನೆಯವರೆಲ್ಲ ಕಾದೆವು. ಅದು ಪೊರೆಯಾಗಿರಲಿಲ್ಲ. ಎಡಗಣ್ಣಿನಲ್ಲೂ ಶುರುವಾದಾಗ ಠಾಣೆ ನಗರದ ಕಣ್ಣಿನ ಡಾಕ್ಟರು ಸ್ಕ್ಯಾನ್ ತೋರಿಸಿ ವಿವರಿಸಿದರು. ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಸವೆದಿದೆ. ಅದರಡಿ ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತಿವೆ. ಸೋರಿದ ದ್ರವ ಪಟಲವನ್ನು ಉಬ್ಬಿಸುವುದರಿಂದ ನೇರ ಗೆರೆಯೂ ಡೊಂಕಾಗಿ ಕಾಣುತ್ತದೆ. ಕಣ್ಣಿನೊಳಗೇ ಇಂಜೆಕ್ಷನ್ ಕೊಟ್ಟು ಸೋರಿಕೆಯನ್ನು ತಡೆಯಬಹುದು, ಆದರೆ ಹೊತ್ತಿಗೆ ಸರಿಯಾಗಿ ಮತ್ತೆ ಮತ್ತೆ ಕೊಡಬೇಕು. ಕಲೆಗಟ್ಟಿದ ಜಾಗಕ್ಕೆ ದೃಷ್ಟಿ ಮರಳುವುದಿಲ್ಲ.

ದಿನಾಂಕ ಬರೆದಿಡುವ ಚಾಳಿ ಇದ್ದುದರಿಂದ ಇದರ ಲೆಕ್ಕ ನನ್ನ ಪಾಲಿಗೆ ಬಂತು. ಪ್ರತಿ ಭಾನುವಾರ ಅಜ್ಜಿಯ ಬಲಗಣ್ಣು ಮುಚ್ಚಿ, ಅಡುಗೆಮನೆಯ ಟೈಲ್ಸಿನ ಗೆರೆಗಳನ್ನು ನೋಡಿಸುತ್ತಿದ್ದೆ. ಮೂರು ಇಂಜೆಕ್ಷನ್ ಆದ ಮೇಲೆ ಅಜ್ಜಿ, "ಈಗ ನೆಟ್ಟಗೆ ಉಂಟು" ಎಂದರು. ಡೈರಿಯಲ್ಲಿ "ನೇರ" ಎಂದು ಬರೆದೆ.

ನಾಲ್ಕನೆಯದಕ್ಕೆ ವಾರವಿರುವಾಗ ಅತ್ತೆ ಪೂಜೆಯಿದೆಯೆಂದು ಅಜ್ಜಿಯನ್ನು ಕರೆದೊಯ್ದರು. ವಾಪಸ್ ಕರೆತರಲು ಹೋದರೆ, ಎಡಗಣ್ಣು ಕೆಂಪಗೆ ಊದಿ ರೆಪ್ಪೆಗಳು ಹಳದಿ ಗೀಜಿನಿಂದ ಅಂಟಿಕೊಂಡಿದ್ದವು. ಅತ್ತೆ ಅದನ್ನು ಸೆರಗಿನಿಂದ ಒರೆಸಿದರು. ಅದೇ ಸೆರಗಿನಿಂದ ಗ್ಯಾಸ್ ಕಟ್ಟೆಯ ಮೇಲೆ ಚೆಲ್ಲಿದ್ದ ಹಾಲನ್ನೂ ಒರೆಸಿದರು.

"ಎಂತ ಮುಖ ಸಿಂಡರಿಸ್ತೀ? ಕೆಟ್ಟದ್ದೆಲ್ಲ ಹೊರಗೆ ಬರ್ತಾ ಉಂಟು. ಊರಲ್ಲಿ ಎಲ್ಲರೂ ಇದನ್ನೇ ಬಿಡುದು."

"ಹೂ ಎಲ್ಲಿಂದ ತಂದ್ರಿ ಅತ್ತೆ?"

"ಕೆಳಗೆ ಸೊಸೈಟಿ ಗಾರ್ಡನ್ನಿಂದ."

"ಅಲ್ಲಿ ಮಾಲಿ ಔಷಧಿ ಹೊಡೀತಿದ್ದಾನೆ. ಈಗ ನೋಡ್ಕೊಂಡೇ ಬಂದೆ."

"ತೊಳೆದೇ ಹಾಕಿದ್ದು ಮಾರಾಯ್ತಿ. ಕಣ್ಣಿಗೆ ಸೂಜಿ ಚುಚ್ಚಿಸುವವರು ನನಗೆ ಬುದ್ಧಿ ಹೇಳ್ಲಿಕ್ಕೆ ಬರ್ಬೇಡಿ."

ಬರೆದಿಟ್ಟ ದಿನಕ್ಕೇ ಠಾಣೆಗೆ ಹೋದೆವು. ಡಾಕ್ಟರು ಸೂಜಿ ಮುಟ್ಟಲಿಲ್ಲ. ಸೋಂಕಿರುವಾಗ ಚುಚ್ಚಿದರೆ ಅದು ಒಳಗೆ ಹೋಗಿ, ಇರುವ ಒಂದು ಕಣ್ಣೂ ಹೋದೀತು, ಮೊದಲು ಇದು ವಾಸಿಯಾಗಲಿ ಎಂದು ಡ್ರಾಪ್ಸ್ ಬರೆದುಕೊಟ್ಟರು.

ವಾಪಸ್ ಬರುವಾಗ ಲೋಕಲ್ ರೈಲು ಮುಂಬ್ರಾ ಸ್ಟೇಷನ್ ದಾಟುವವರೆಗೂ ನಾನು ಅತ್ತೆಯನ್ನು ಬೈಯುತ್ತಲೇ ಇದ್ದೆ.

"ಅವಳಿಗೆ ಬೈಬೇಡ," ಅಜ್ಜಿ ಅಂದರು. "ನಾನೇ ಹಾಕು ಅಂದದ್ದು."

"ಯಾಕಜ್ಜಿ?"

"ಹೂವಿನ ನೀರಲ್ಲಿ ಗುಣ ಆದ್ರೆ ಸೂಜಿ ತಪ್ತದಲ್ಲ. ನೋವೇನಿಲ್ಲ ಮಗಾ. ಆದ್ರೆ ಕ್ಲಿಪ್ಪು ಹಾಕಿ ಕಣ್ಣು ತೆರೆದಿಡ್ತಾರೆ. ಮುಚ್ಚುವ ಅಂದ್ರೆ ಆಗುದಿಲ್ಲ."

ನನ್ನ ಹೇಸಿಗೆ ಅದರಿಂದ ಕಡಿಮೆಯಾಗಲಿಲ್ಲ. ಮುಂದಿನ ಭಾನುವಾರ ಅಜ್ಜಿಗೆ ಟೈಲ್ಸಿನ ಗೆರೆ ಬಾಗಿ ಕಂಡಿತು. ಅದರ ಮುಂದಿನ ಭಾನುವಾರ ನಡುವೆ ಹೊಗೆ ಕುಳಿತಿತ್ತು. ಸೋಂಕು ವಾಸಿಯಾದ ಮೇಲೆ ಕೊನೆಗೂ ಇಂಜೆಕ್ಷನ್ ಆಯಿತು. ಗೆರೆಗಳು ಸುತ್ತಲೂ ನೆಟ್ಟಗಾದವು, ನಡುವಿನ ಹೊಗೆ ಮಾತ್ರ ಹಾಗೇ ಉಳಿಯಿತು. ಇನ್ನು ಅದು ಹೋಗಲಿಕ್ಕಿಲ್ಲ ಎಂದರು ಡಾಕ್ಟರು.

ತಿಂಗಳ ಬಳಿಕ ಅತ್ತೆ ಡೊಂಬಿವಲಿಗೆ ಬಂದರು. ಚೀಲದಿಂದ ಮುಚ್ಚಳದ ಸ್ಟೀಲ್ ಡಬ್ಬಿ ತೆಗೆದು, "ಈ ಸಲ ದೇವಸ್ಥಾನದ ಗಿಡದ್ದು" ಎಂದರು. ಅಜ್ಜಿ ಗೋಡೆ ಹಿಡಿದುಕೊಂಡು ಹೋಗಿ ಅದನ್ನು ಸಿಂಕಿಗೆ ಸುರಿದರು.

"ಬೇಡ ಮಗಾ. ಸೂಜಿಯೇ ಆಗ್ಲಿ."

ಖಾಲಿ ಪಾತ್ರೆ ವಾಪಸ್ ಕೊಡುವ ರೂಢಿ ನಮ್ಮಲ್ಲಿಲ್ಲ. ಸಕ್ಕರೆ ತುಂಬಿ ಕೊಡು ಎಂದು ಅಜ್ಜಿ ನನಗೆ ಹೇಳಿದರು. ಕುದಿಯುವ ನೀರಲ್ಲಿ ತೊಳೆದರೂ ಅದರಿಂದ ಕೊಳೆತ ಹೂವಿನ ವಾಸನೆ ಬಂದಂತಾಗಿ, ಎರಡೇ ಬೆರಳಲ್ಲಿ ಹಿಡಿದು ತುಂಬಿದೆ.

ಡಬ್ಬಿ ಕೊಡುವಾಗ ಅಜ್ಜಿ ನಡುವಿನ ಹೊಗೆ ತಪ್ಪಿಸಿ ಮಗಳ ಮುಖ ಕಣ್ಣಂಚಿನಲ್ಲಾದರೂ ಕಾಣಲೆಂದು ಕತ್ತು ಓರೆ ಮಾಡಿ, ಅತ್ತೆಯ ಭುಜದಾಚೆಯ ಗೋಡೆಯತ್ತ ನೋಡಿದರು. ಅತ್ತೆ ಆ ನೋಟದ ಎದುರಿಗೆ ಬರಲು ಸ್ವಲ್ಪ ಸರಿದು ನಿಂತರು. ಅಜ್ಜಿ ಮತ್ತೆ ಕತ್ತು ತಿರುಗಿಸಿದರು.