ಅಜ್ಜಿಯ ತಂಬಿಗೆಯಲ್ಲಿ ತಾಮ್ರವೆಷ್ಟು?

ಗೆಳೆಯರೇ, ಇವತ್ತು ಲ್ಯಾಬಿನಲ್ಲಿ ಹಿತ್ತಾಳೆಯಲ್ಲಿ ತಾಮ್ರ ಶೇಕಡಾ ಎಷ್ಟಿದೆ ಎಂದು ಲೆಕ್ಕ ಹಾಕಿಸುತ್ತಿದ್ದೆ. ಗುಡೂರಿನ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಮದುವೆಯ ತಂಬಿಗೆಯ ತಳವನ್ನೇ ಅರದಿಂದ ಉಜ್ಜಿ ಪುಡಿ ತಂದಿದ್ದಳು. ಅವಳ ಉತ್ತರ ನೂರಾ ಹನ್ನೆರಡು.

“ನೂರು ಗ್ರಾಂ ಹಿತ್ತಾಳಿಯೊಳಗ ನೂರಾ ಹನ್ನೆರಡು ಗ್ರಾಂ ತಾಮ್ರ ಹೆಂಗ ಬರ್ತದವಾ?”

“ಆಯಿ ತವರಮನಿಯವ್ರು ಕೊಟ್ಟದ್ದರಿ ಸರ್. ಅವ್ರು ಕಡಿಮಿ ಕೊಡೂದಿಲ್ಲರಿ.”

ಬೇರ್ಪಡಿಸಿದ ತಾಮ್ರವನ್ನು ಹಸಿಯಾಗಿಯೇ ತೂಗಿದ್ದಳು. ಒಣಗಿಸಿ ತೂಗಿಸಿದೆ. ಅರವತ್ತೆರಡು ಬಂತು.

ಸಂಜೆ ಅಜ್ಜಿಯ ಫೋನು. “ಸರ್, ನಮ್ಮ ತಂಬಿಗ್ಯಾಗಿನ ತಾಮ್ರ ಯಾಕ ಕಡಿಮಿ ಮಾಡಿದ್ರಿ?”

“ಉಳಿದದ್ದು ಸತು ಅದರಿ ಆಯಿ. ಹಿತ್ತಾಳಿ ಅಂದ್ರ ಹಂಗ.”

“ನಮ್ಮಪ್ಪ ಸತು ಕೊಟ್ಟು ಕಳಿಸಿದ್ದ ಅಂತ ಮೈದುನನ ಹೆಂಡ್ತಿ ಮುಂದ ಹೇಳ್ಲೇನ್ರಿ?”

ನಾಳೆ ಇನ್ನೊಮ್ಮೆ ತೂಗುತ್ತೇವೆ. ಈ ಸಲ ಪೂರ್ತಿ ಒಣಗಿಸುವುದಿಲ್ಲ.